ಪೂಜೆಗೆ ಹೋದರೆ ಸಾಲದೇ, ಅಡುಗೆಯೂ ಆಗಬೇಕೇ?

ದುಬೈಯ ನಮ್ಮ ಮನೆಯಲ್ಲಿ ತೆನೆ ಹಬ್ಬದ ಸಿದ್ಧತೆ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು: "ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಸಾಲದೇ? ಅಷ್ಟು ಜನಕ್ಕೆ ಅಡುಗೆ ಮಾಡುವ ಕಷ್ಟ ಏಕೆ? ಹೋಟೆಲಿನಿಂದ ತರಿಸಬಹುದಲ್ಲ?"

ಸಾಲದು ಎನ್ನುವುದೇ ನನ್ನ ಉತ್ತರ. ದುಬೈಯ ಔದ್ ಮೇಥಾ ಬಡಾವಣೆಯಲ್ಲಿರುವ ನಮ್ಮ ಸೇಂಟ್ ಮೇರೀಸ್ ಚರ್ಚ್ ಆರಂಭವಾದದ್ದು 1967ರಲ್ಲಿ, ಅಂದಿನ ಅರಸ ಶೇಖ್ ರಶೀದ್ ಕೊಟ್ಟ ಜಾಗದಲ್ಲಿ. ಅಲ್ಲಿ ಕೊಂಕಣಿ, ಮಲಯಾಳಂ, ಅರಬಿ, ತಗಾಲೊಗ್ ಎಂದು ಹಲವು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಜನಸಾಗರ. ಆದರೆ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತವರ ಹೆಸರೂ ತಿಳಿಯದೆ ಮನೆಗೆ ಮರಳಬಹುದು. ಆ ಹೆಸರು ತಿಳಿಯುವುದು ಅಡುಗೆಮನೆಯಲ್ಲಿ.

ಮೊಂತಿ ಫೆಸ್ತ್ ಎಂದು ನಾವು ಕರೆಯುವ ಈ ಹಬ್ಬ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು ಬರುತ್ತದೆ. ಕರಾವಳಿಯ ಕಥೊಲಿಕರಿಗೆ ಅದೇ ಹೊಸ ಅಕ್ಕಿ ಊಟದ ದಿನ. ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದು ಮೀನು, ಮಾಂಸವಿಲ್ಲ; ಬಾಳೆ ಎಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು. ಪರವೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿಯೂ ಇತ್ತು. ಮನೆಯವರು ಯಾರೂ ಈ ಪಾಲಿನಿಂದ ತಪ್ಪಬಾರದು, ಅಷ್ಟೇ.

ಇಲ್ಲಿ ಹಬ್ಬ ರಜೆಯ ದಿನವೇ ಬರಬೇಕೆಂದಿಲ್ಲ. ಹತ್ತಿರದ ವಾರಾಂತ್ಯಕ್ಕೆ ಸೇರುತ್ತೇವೆ. ತೆನೆ ಊರಿನಿಂದ ಬರುವವರ ಚೀಲದಲ್ಲಿ ಬರುತ್ತದೆ. ಬೆಳಿಗ್ಗೆ ನೆಲದ ಮೇಲೆ ಪತ್ರಿಕೆ ಹಾಸಿ, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಕೆಸುವಿನ ದಂಟಿನ ನಾರು ತೆಗೆಯಲು ಕೂರುತ್ತೇವೆ. ಎಣ್ಣೆ ಇಲ್ಲದಿದ್ದರೆ ಕೈ ತುರಿಸುತ್ತದೆ. ಹೋದ ವರ್ಷ ಮೂಡುಬಿದಿರೆ ಕಡೆಯ ಹುಡುಗನೊಬ್ಬ ಬಂದಿದ್ದ. ಗೋದಾಮಿನ ಕೆಲಸ, ಆರೇಳು ಜನರ ಕೋಣೆಯಲ್ಲಿ ವಾಸ. ಬಾಗಿಲ ಬಳಿಯೇ ಸಂಕೋಚದಿಂದ ನಿಂತಿದ್ದವನ ಕೈಗೆ ದಂಟಿನ ಕಟ್ಟು ಕೊಟ್ಟೆ. ಸ್ವಲ್ಪ ಹೊತ್ತಿಗೆ, "ಹುಣಸೆಹುಳಿ ಬೇಡ ಅಕ್ಕಾ, ನಮ್ಮ ಅಮ್ಮ ಅಮಟೆಕಾಯಿ ಜಜ್ಜಿ ಹಾಕುತ್ತಾರೆ" ಎಂದು ನನಗೇ ಪಾಠ ಹೇಳತೊಡಗಿದ. ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಕೋಟ್ಟಯಂನ ನರ್ಸ್ ತಮ್ಮ ಮನೆಯ ಕ್ರಮ ಹೇಳಿದರು. ವಾದ ಬೆಳೆಯಿತು, ನಗು ಬಂತು. ಮರುವಾರ ಆ ಹುಡುಗನಿಗೆ ಜ್ವರ ಬಂದಾಗ ಗಂಜಿ ಒಯ್ದವರು ಆ ನರ್ಸ್. ಹೋಟೆಲಿನ ಪೊಟ್ಟಣದಿಂದ ಇಂತಹ ನಂಟು ಹುಟ್ಟುವುದನ್ನು ನಾನು ಕಂಡಿಲ್ಲ.

ಇದು ನಾವು ಹುಟ್ಟಿಸಿದ ಕ್ರಮವೂ ಅಲ್ಲ. ಆದಿ ವಿಶ್ವಾಸಿಗಳು ಮನೆಮನೆಗಳಲ್ಲಿ ರೊಟ್ಟಿ ಮುರಿದು ಹರ್ಷದಿಂದ ಉಣ್ಣುತ್ತಿದ್ದರೆಂದು ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥ ಹೇಳುತ್ತದೆ. ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯಲ್ಲಿ ಕೆಲವರು ತಮ್ಮ ಪಾಡಿಗೆ ಮೊದಲೇ ಉಂಡು, ಬಡವರು ಹಸಿದಿರುವಂತಾದಾಗ ಸಂತ ಪೌಲರು ಗದರಿಸಿ, ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದರು. ನಮ್ಮಲ್ಲಿಯೂ ಪಾಳಿ ಮುಗಿಸಿ ಬರುವವರು ತಲುಪದೆ ಎಲೆ ಹಾಕುವುದಿಲ್ಲ. ಗಂಟೆ ಮೂರಾದರೂ ಸರಿ. ಸಣ್ಣ ಮಕ್ಕಳಿಗೆ ಮಾತ್ರ ಮೊದಲೇ ಬಡಿಸುತ್ತೇವೆ.