ಉತ್ತರ ಕೊಟ್ಟಿದ್ದು ಚಿಕ್ಕಪ್ಪ

ಈ ವಾರ ದಾವಣಗೆರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಸೋಮವಾರ ಬೆಳಗ್ಗೆ ಆಶಾ ಕಾರ್ಯಕರ್ತೆ ಫಾರಂ ಹಿಡಿದು ಬಂದರು. 30 ದಾಟಿದವರನ್ನೆಲ್ಲ ಕೇಳಿ ತುಂಬಿಸೋ ಫಾರಂ ಅದು. ತಂಬಾಕು ಹಾಕ್ತೀರಾ, ಮನೆಯಲ್ಲಿ ಯಾರಿಗಾದ್ರೂ ಬಿಪಿ, ಶುಗರ್ ಇದೆಯಾ, ಸೊಂಟದ ಸುತ್ತಳತೆ ಎಷ್ಟು. ಟೇಪು ಸುತ್ತುವಾಗ ಚಿಕ್ಕಪ್ಪ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. ದಿನಾ ಸಂಜೆ ಮಂಡಕ್ಕಿ ಜೊತೆ ತಿಂದ ಮೆಣಸಿನಕಾಯಿ ಅಷ್ಟಕ್ಕೆಲ್ಲ ಅಡಗುತ್ತಾ? ಆಕೆ ನಗಲಿಲ್ಲ. "ಉಸಿರು ಬಿಡ್ರಿ ಯಜಮಾನ್ರೇ" ಅಂದು ಇನ್ನೊಂದು ಸಲ ಅಳೆದರು.

ಆಮೇಲೆ ಚಿಕ್ಕಮ್ಮನ ಸರದಿ. ಅವರು ಒಳಗೆ ರೊಟ್ಟಿ ತಟ್ಟುತ್ತಿದ್ದರು. ಅವರ ಉತ್ತರವನ್ನೂ ಚಿಕ್ಕಪ್ಪನೇ ಕೊಡತೊಡಗಿದರು. ವಯಸ್ಸು 54. ಶುಗರ್ ಇಲ್ಲ. ಬಿಪಿ ಇಲ್ಲ. ಆಶಾ ಸ್ವಲ್ಪ ದನಿ ತಗ್ಗಿಸಿ, "ಅಕ್ಕನಿಗೆ ಎದೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ ಬರೋದು, ಆಕಾರ ಬದಲಾಗಿರೋದು..." ಅಂತ ಶುರುಮಾಡಿದ್ದಷ್ಟೇ.

"ನಮ್ಮನೇಲಿ ಅಂಥದ್ದೇನಿಲ್ಲ. ಇಲ್ಲ ಅಂತ ಬರ್ಕೊಳ್ರಿ."

ಗೆದ್ದಲಿಗೆ ಔಷಧಿ ಹೊಡೆಯೋರು ಬಾಗಿಲಿಗೆ ಬಂದಾಗ ಹೇಳಿ ಕಳಿಸೋ ಹಾಗೆ ಹೇಳಿಬಿಟ್ಟರು. ಹೆಂಡತಿ ಹತ್ತು ಹೆಜ್ಜೆ ದೂರದಲ್ಲಿದ್ದಾರೆ. ಒಂದು ಸಲ ಕೂಗಿ ಕರೆದಿದ್ದರೆ ಸಾಕಿತ್ತು. ನಮ್ಮ ಚಿಕ್ಕಪ್ಪ ಕೆಟ್ಟ ಮನುಷ್ಯ ಅಲ್ಲ. ಗಿರಣಿ ಮುಚ್ಚಿದ ಮೇಲೆ ಅಂಗಡಿ ಇಟ್ಟು, ಸಾಲ ತೀರಿಸಿ, ಮಗಳ ಮದುವೆ ಮಾಡಿದವರು. ಆದರೆ ಮನೆಯ ಎಲ್ಲ ಪ್ರಶ್ನೆಗೂ ತಮ್ಮಲ್ಲೇ ಉತ್ತರ ಇದೆ ಅಂದುಕೊಂಡಿದ್ದಾರೆ. ಗೊತ್ತಿಲ್ಲ ಅನ್ನೋದು ಅವರ ಬಾಯಲ್ಲಿ ಬರೋದೇ ಇಲ್ಲ.

ಆಶಾ ಪೆನ್ನು ಎತ್ತಿದರು, ಬರೆಯಲಿಲ್ಲ. "ಕುಡಿಯೋಕೆ ನೀರು ಬೇಕಿತ್ತು" ಅಂದರು. ನಾನು ಎದ್ದೆ. ಕೂತ್ಕೊಳಮ್ಮ ಅಂತ ಕೈಯಲ್ಲೇ ಹೇಳಿ, ತಾವೇ ಸೀದಾ ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ಅಕ್ಕಾ, ಗಂಟು ಏನಾದ್ರೂ ಇದೆಯಾ?"

ಚಿಕ್ಕಮ್ಮ ರೊಟ್ಟಿ ಮಗುಚಿ ಹಾಕಿದರು. "ಎಡಗಡೆ ಒಂದಿದೆ. ಆದ್ರೆ ನೋವಿಲ್ಲ ಬಿಡಮ್ಮ."

"ಯಾವಾಗಿಂದ?"

"ಮಗಳ ಮದುವೆಗೆ ಮುಂಚಿಂದ."

ಆ ಮದುವೆಯಾಗಿ ವರ್ಷವಾಗಿದೆ! ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಬರ್ಕೊಳ್ರಿ ಅಂದ ಚಿಕ್ಕಪ್ಪ, ನೋವಿಲ್ಲ ಬಿಡಮ್ಮ ಅಂದ ಚಿಕ್ಕಮ್ಮ. ನಿಜ ಹೇಳಬೇಕೆಂದರೆ ಎರಡನೇ ಮಾತೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು. ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಿತ್ತು.

ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋಯುವ ಗಂಟನ್ನು ಯಾರಾದರೂ ತೋರಿಸಿಕೊಳ್ಳುತ್ತಾರೆ. ನೋಯದಿರೋದು ಸುಮ್ನೆ ಬೆಳೆಯುತ್ತೆ. ನಮ್ಮ ಮನೆಗಳಲ್ಲಿ ಹೆಂಗಸರು ಹುಷಾರಾಗಿದ್ದಾರೆ ಅಂದರೆ ಕೆಲಸ ನಿಂತಿಲ್ಲ ಅಂತ ಅರ್ಥ, ಅಲ್ವಾ? ಕೈ ರೊಟ್ಟಿ ತಟ್ಟುತ್ತಿದ್ದರೆ ಆಯಿತು. ಅತ್ತೆಯ ಮಂಡಿನೋವು, ಗಂಡನ ಗ್ಯಾಸ್ಟ್ರಿಕ್, ಮೊಮ್ಮಗುವಿನ ಕೆಮ್ಮು ಎಲ್ಲಕ್ಕೂ ಆಸ್ಪತ್ರೆಗೆ ಹೋಗಿ ಪಾಳಿ ಹಚ್ಚುವವರು ಇವರೇ. ತಮ್ಮ ಹೆಸರಿನ ಚೀಟಿ ಒಂದೂ ಇಲ್ಲ.

ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಎದೆಯ ತಪಾಸಣೆ ಇದೆ. ಉಪಕೇಂದ್ರದಲ್ಲಿ ತರಬೇತಿ ಪಡೆದ ಸಿಸ್ಟರ್ ಕೈಯಿಂದಲೇ ಮುಟ್ಟಿ ನೋಡುತ್ತಾರೆ. ಏನೂ ತೊಂದರೆ ಇಲ್ಲದವರಿಗೇ ಈ ತಪಾಸಣೆ. ಗಂಟು ಕೈಗೆ ಸಿಕ್ಕ ಮೇಲೆ ಡಾಕ್ಟರೇ ನೋಡಬೇಕು. ಬರೀ ಮುಟ್ಟಿ ನೋಡಿದರೆ ಏನು ಗೊತ್ತಾಗುತ್ತೆ ಅಂತ ಮೂಗು ಮುರಿಯುವವರಿದ್ದಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಶುರುಮಾಡಿದರು. ಅದರಲ್ಲಿ ಅರ್ಧದಷ್ಟು ಜನರನ್ನು 2 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಫಲಿತಾಂಶ ಬಂತು. ಹೀಗೆ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರಿನ ಸಾವು ಇನ್ನರ್ಧ ಜನರಿಗಿಂತ ಸುಮಾರು ಶೇ 30 ಕಮ್ಮಿ. 50ರೊಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಚಿಕ್ಕಮ್ಮನಿಗೆ 54.

ಮಂಗಳವಾರ ಆಸ್ಪತ್ರೆಗೆ ಹೋದೆವು. ಚಿಕ್ಕಪ್ಪನೂ ಆಟೋದಲ್ಲಿ ಬಂದರು. ದಾರಿಯುದ್ದಕ್ಕೂ, "ನನಗೆ ಒಂದು ಮಾತು ಹೇಳ್ಬೇಕಿತ್ತು ತಾನೇ" ಅಂತ ಗೊಣಗಿದರು. ಚಿಕ್ಕಮ್ಮ ಪಿ.ಬಿ. ರೋಡ್ ನೋಡ್ತಾ ಕೂತರು. ಲೇಡಿ ಡಾಕ್ಟರು ಎರಡೂ ಕಡೆ, ಕಂಕುಳನ್ನೂ ಮುಟ್ಟಿ ನೋಡಿ, ಮ್ಯಾಮೊಗ್ರಾಮ್, ಸ್ಕ್ಯಾನಿಂಗ್, ಆಮೇಲೆ ಸೂಜಿ ಪರೀಕ್ಷೆ ಬರೆದುಕೊಟ್ಟರು. ಸೂಜಿ ಅಂದ ಕೂಡಲೇ ಚಿಕ್ಕಮ್ಮ ಸೆರಗು ಬಿಗಿ ಮಾಡಿಕೊಂಡರು. "ಚುಚ್ಚಿದ್ರೆ ಮೈಯೆಲ್ಲ ಹರಡುತ್ತಂತೆ ಹೌದಾ?" ಪಕ್ಕದ ಮನೆಯಾಕೆ ಹೇಳಿದ್ದಂತೆ. ಕ್ಯಾನ್ಸರ್ ಬಗ್ಗೆ ಏನೂ ಓದದವರೇ ಎಷ್ಟು ಧೈರ್ಯವಾಗಿ ಹೇಳಿಬಿಡ್ತಾರೆ ನೋಡಿ. ಡಾಕ್ಟರು ಬೇಸರ ಮಾಡ್ಕೊಳ್ಳದೆ, ಹಾಗೆ ಹರಡಲ್ಲ, ಚುಚ್ಚಿ ನೋಡದೆ ಅದೇನು ಅಂತ ಗೊತ್ತಾಗಲ್ಲ ಅಂದರು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರಲ್ಲ ಅಂತಲೂ ಹೇಳಿದರು. ಅಷ್ಟು ಕೇಳಿದ್ದೇ ತಡ, "ಹಂಗಾದ್ರೆ ಸೂಜಿ ಬೇಡ ಬಿಡ್ರಿ" ಅಂತ ಚಿಕ್ಕಮ್ಮ ಎದ್ದೇಬಿಟ್ಟರು. ಕೈ ಹಿಡಿದು ಕೂರಿಸಬೇಕಾಯಿತು.

ರಿಪೋರ್ಟ್ ಇನ್ನೂ ಬಂದಿಲ್ಲ. ಇದನ್ನು ಬರೀಲಾ ಅಂತ ಚಿಕ್ಕಮ್ಮನನ್ನೇ ಕೇಳಿದೆ. ಬರಿ, ಹೆಸರು ಮಾತ್ರ ಬೇಡ ಅಂದರು. ಈ ನಡುವೆ ಅವರೇ ಮೈದುನನ ಹೆಂಡತಿಯನ್ನೂ ಸಂಘದ ಇನ್ನೊಬ್ಬರನ್ನೂ ಉಪಕೇಂದ್ರಕ್ಕೆ ಕಳಿಸಿದ್ದಾರೆ. ಪಕ್ಕದ ಮನೆಯಾಕೆಗೂ ಹೇಳಿ ನೋಡಿದರು. ಆಕೆ ಮುಂದಿನ ವಾರ ಹೋಗ್ತಾರಂತೆ. ಈ ವಾರ ತಂಗಿ ಮನೆ ಗೃಹಪ್ರವೇಶವಂತೆ.