ಚೊಲೊ ಮಾಡಿದಿ ಬಿಡು

ಪಂಚಮಿ ಮುಗಿಸಿ ತವರಿನಿಂದ ಬಂದು ಮೂರು ದಿನ ಆಯಿತು. ಉಂಡಿ ಡಬ್ಬಿ ಇನ್ನೂ ಅರ್ಧ ಇದೆ. ಅತ್ತಿಗೆ ಆಡಿದ ಮಾತು ಕಿವಿಯಿಂದ ಹೋಗಿಲ್ಲ.

ಕಾರಟಗಿ ಹತ್ತಿರದ ನಮ್ಮ ಊರಿಗೆ ಹಬ್ಬಕ್ಕೆ ಬಳೆಗಾರ ಬರುತ್ತಾನೆ. ತವರಿಗೆ ಬಂದ ಹೆಣ್ಣುಮಕ್ಕಳನ್ನೆಲ್ಲ ಕಟ್ಟೆ ಮೇಲೆ ಕೂರಿಸಿ ಬಳೆ ಇಡುತ್ತಾನೆ. ದುಡ್ಡು ಅಣ್ಣತಮ್ಮಂದಿರದು. ಸೋಮವಾರ, ಚೌತಿ ದಿನ, ನನ್ನ ಕೈ ಹಿಡಿದವನು ಅಲ್ಲೇ ನಿಂತ. "ಬಂಗಾರದ ಪಾಟ್ಲಿ ತಗದಿಟ್ಟು ಬಂದೀಯೇನವ್ವಾ? ಬರೇ ಹಸಿರು ಬಳಿ ಚಂದ ಕಾಣಂಗಿಲ್ಲ" ಅಂದ. ಪಾಪ, ಅವನಿಗೇನು ಗೊತ್ತು. ಇಪ್ಪತ್ತು ವರ್ಷದಿಂದ ನನ್ನ ಕೈ ನೋಡಿದವನು.

ಅಣ್ಣ ಜೇಬಿನಿಂದ ದುಡ್ಡು ತೆಗೆಯುತ್ತಿದ್ದ. ಕೈ ಹಾಗೇ ನಿಂತಿತು. ನನ್ನ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ. ಆಮೇಲೆ ನೋಟು ಎಣಿಸಿ ಕೊಟ್ಟು ಎದ್ದು ಹಿತ್ತಲಿಗೆ ಹೋದ. ಅತ್ತಿಗೆ ನನ್ನ ಪಕ್ಕದಲ್ಲೇ ಕೂತಿದ್ದರು. ಏಳುವಾಗ ನನ್ನ ಹೆಗಲ ಮೇಲೆ ಕೈ ಊರಿದರು. ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಚೊಲೊ ಮಾಡಿದಿ ಬಿಡು."

ಅಷ್ಟೇ. ಉಂಡಿ ತಟ್ಟೆ ತರಲು ಒಳಗೆ ಹೋದರು.

ವಿಷಯ ಇಷ್ಟು. 2024ರ ಸಂಕ್ರಾಂತಿ ಹೊತ್ತಿಗೆ ಅಣ್ಣನಿಂದ ಒಂದೂವರೆ ಲಕ್ಷ ತಂದಿದ್ದೆ. ಅದರ ಹಿಂದಿನ ವರ್ಷದ ಬರ ನೆನಪಿದೆಯಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದ ವರ್ಷ. ನಮ್ಮವರು ಮಾನ್ವಿ ಕಡೆ ಐದು ಎಕರೆ ಲೀಜಿಗೆ ಹಿಡಿದು ಭತ್ತ ನಾಟಿ ಮಾಡಿಸಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು ನಾವು. ಮೇಲಿನವರಿಗೆ ಸಾಕಾಗಿ ಉಳಿದರೆ ನಮಗೆ ನೀರು. ಆ ವರ್ಷ ಉಳಿಯಲಿಲ್ಲ. ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ ಎಲ್ಲ ಅಂಗಡಿಯಲ್ಲಿ ಉದ್ದರಿ. ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ ಒಂದೂವರೆ ಲಕ್ಷಕ್ಕೆ ತಿಂಗಳಿಗೆ 3,000. ಅಂಗಡಿಯವರು ಕೆಟ್ಟವರಲ್ಲ. ಆದರೆ ನಮ್ಮ ಮನೆ ಮುಂದೆ ಹಾದಾಗಲೆಲ್ಲ ಗಾಡಿ ನಿಧಾನ ಮಾಡುತ್ತಿದ್ದರು. ಅದಕ್ಕೇ ಅಣ್ಣನ ಹತ್ತಿರ ಹೋದೆ. ನಮ್ಮವರು ಒಳ್ಳೆಯ ಮನುಷ್ಯ, ದುಡಿಯುತ್ತಾರೆ, ಆದರೆ ಅಣ್ಣನ ಎದುರು ಬಾಯಿ ಬಿಡುವುದಿಲ್ಲ. ಕೇಳಬೇಕಾದವಳು ನಾನೇ. ಅಣ್ಣ ಒಂದು ಮಾತೂ ಕೇಳದೆ ಕೊಟ್ಟ. ಬಡ್ಡಿ ಇಲ್ಲ, ಪತ್ರ ಇಲ್ಲ, ತಾರೀಕು ಇಲ್ಲ.

ಆ ತಾರೀಕು ಇಲ್ಲದ್ದೇ ನನಗೆ ಕಷ್ಟವಾಯಿತು.

ಕಳೆದ ವರ್ಷ, 2024ರ ಪಂಚಮಿಗೆ ನಾನು ಹೋಗಲಿಲ್ಲ. ಮಗನಿಗೆ ಜ್ವರ ಅಂತ ಸುಳ್ಳು ಹೇಳಿದೆ. ಅಣ್ಣ ಕರೆಯಲು ಬಂದವನು ಚಹಾ ಕುಡಿದು ಒಬ್ಬನೇ ಹೋದ. ಹಬ್ಬದ ಮರುದಿನ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಭಾನುವಾರ ಬೆಳಿಗ್ಗೆ ಅಣ್ಣನ ಫೋನ್. ನನಗೆ ಗೇಟಿನ ಸುದ್ದಿ ಇನ್ನೂ ಗೊತ್ತಿರಲಿಲ್ಲ. ಪರದೆ ಮೇಲೆ ಹೆಸರು ನೋಡಿದ ಕೂಡಲೇ ಎದೆ ಹೊಡೆದುಕೊಂಡಿತು. ದುಡ್ಡು ಕೇಳಲು ಮಾಡಿದ್ದಾನೆ ಅಂದುಕೊಂಡೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದರೆ, "ಡ್ಯಾಂ ಖಾಲಿ ಆಗತೈತಂತ, ನಿಮ್ಮ ಕಡೆ ನೀರು ಬರ್ತಾವಿಲ್ಲೋ, ನಾಟಿ ಏನ್ ಮಾಡ್ತೀರಿ" ಅಂತ ನನ್ನ ಬೆಳೆಯ ಚಿಂತೆ ಮಾಡುತ್ತಿದ್ದ. ಬೆನ್ನ ಹಿಂದೆ ಹುಟ್ಟಿದವಳು ಅಂತ ಎತ್ತಿ ಆಡಿಸಿದವನ ಫೋನಿಗೆ ನಾನು ಹೆದರಿದೆ. ಅವತ್ತು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಸಾಲ ಅಂದರೆ ಹಾಗೇ. ಮಾತಿನ ಅರ್ಥ ಬದಲಾಗುತ್ತದೆ. ಒಂದು ಮದುವೆಯಲ್ಲಿ ಅತ್ತಿಗೆ "ಸೀರೆ ಹೊಸದೇನು?" ಅಂದರು. ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮಾತೇ ಅದು. ನಾನು ಮಾತ್ರ "ಇಲ್ಲ ಅತ್ತಿಗೆ, ಹಳೇದು, ನಾದಿನಿ ಕೊಟ್ಟಿದ್ದು" ಅಂತ ಮೂರು ಸಲ ಹೇಳಿದೆ. ಅವರು ಮಾತು ಕಡಿಮೆ. ಅವರನ್ನು ಸ್ವಲ್ಪ ಗಟ್ಟಿ ಮನಸ್ಸಿನವರು ಅಂತಲೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಅಣ್ಣನ ಮಗಳು. ಈ ಸಲ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾದಳು. ಜೂನ್‌ನಲ್ಲಿ ಫೋನ್ ಮಾಡಿ, "ಬಳ್ಳಾರಿ ಕಾಲೇಜು, ಹಾಸ್ಟೆಲ್ ಅಂದಿದ್ರು, ಈಗ ಬ್ಯಾಡ ಅಂದ್ರು ಅತ್ತಿ, ಗಂಗಾವತಿ ಸರ್ಕಾರಿ ಕಾಲೇಜಿಗೆ ಸೇರೀನಿ" ಅಂದಳು. ಬೇಸರ ಇರಲಿಲ್ಲ ಅವಳ ದನಿಯಲ್ಲಿ. ಸರ್ಕಾರಿ ಕಾಲೇಜು ಕಡಿಮೆಯೇನಲ್ಲ, ನಾನೂ ಓದಿದ್ದು ಅಲ್ಲೇ. ಆದರೆ ಬಳ್ಳಾರಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಯಾವುದು ಅಂತ ನನಗೆ ತಕ್ಷಣ ಗೊತ್ತಾಯಿತು. ಅದು ಬರೀ ಅಣ್ಣನ ದುಡ್ಡೂ ಅಲ್ಲ. ಅತ್ತಿಗೆ ಭತ್ತ ಕಟಾವಿನಲ್ಲಿ ಬಿಸಿಲಲ್ಲಿ ನಿಂತಿದ್ದಾರೆ, ಎಮ್ಮೆ ಕಟ್ಟಿದ್ದಾರೆ. ನಾನು ಕೇಳಿದ್ದು ಅಣ್ಣನನ್ನು ಮಾತ್ರ. ಅವರನ್ನು ಒಂದು ಮಾತು ಕೇಳಲಿಲ್ಲ. ಒಲೆ ಮುಂದೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದರು, ಎಲ್ಲ ಕೇಳಿಸುತ್ತಿತ್ತು ಅವರಿಗೆ.

ಕೊಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಎಲ್ಲಿಂದ ಅನ್ನುವುದು ಪ್ರಶ್ನೆ. ಖಾಸಗಿ ಶಾಲೆಯ ಟೀಚರ್ ನಾನು, ಸಂಬಳ 11,000. ಗೃಹಲಕ್ಷ್ಮಿ ಅತ್ತೆಯ ಹೆಸರಿಗೆ ಬರುತ್ತದೆ. ಜೊತೆಯ ಟೀಚರ್ ಒಬ್ಬರು, "ನಮ್ಮವರ ಕ್ರೆಡಿಟ್ ಕಾರ್ಡ್‌ನಿಂದ ತೆಗೆದುಕೊಡ್ತೀನಿ, ನಿಧಾನಕ್ಕೆ ಕಟ್ಟು" ಅಂದರು. ಮನಸ್ಸು ದೊಡ್ಡದು ಅವರದು, ಲೆಕ್ಕ ಮಾತ್ರ ಬರುವುದಿಲ್ಲ. ಕಾರ್ಡಿನಿಂದ ನಗದು ತೆಗೆದರೆ ಅವತ್ತಿನಿಂದಲೇ ಬಡ್ಡಿ ಶುರು. ಸಾಮಾನು ಕೊಂಡಾಗ ಸಿಗುವ ನಲವತ್ತೈದು, ಐವತ್ತು ದಿನದ ಪುಕ್ಕಟೆ ಅವಧಿ ಇಲ್ಲ, ಮೇಲೆ ತೆಗೆದ ಶುಲ್ಕ ಬೇರೆ. ಅವರ ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್. ಒಂದೂವರೆ ಲಕ್ಷಕ್ಕೆ 5,250 ಆಯಿತಲ್ಲ, ಗೊಬ್ಬರದ ಅಂಗಡಿಯೇ ವಾಸಿ. ಓಣಿಯ ಸಂಘದ ಸಾಲವೂ ಬೇಡ ಅನ್ನಿಸಿತು. ಕಂತು ತಪ್ಪಿದ ಮನೆ ಮುಂದೆ ಅವರು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಈಗ ಮೆತ್ತಗೆ ಮಾತಾಡುತ್ತಾರಂತೆ. ಇರಲಿ.

ಉಳಿದದ್ದು ಪಾಟ್ಲಿ. ಎರಡು, 26 ಗ್ರಾಂ. ಅವ್ವ ಹಾಲು ಮಾರಿ ಕೂಡಿಸಿದ್ದಕ್ಕೆ ಅಣ್ಣ ತನ್ನ ಮೊದಲ ಬೆಳೆಯ ದುಡ್ಡು ಸೇರಿಸಿ ನನ್ನ ಮದುವೆಗೆ ಮಾಡಿಸಿದ್ದು. ತವರಿನ ಬಂಗಾರ ಅಡ ಇಟ್ಟು ತವರಿನ ಸಾಲ ತೀರಿಸುವುದು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಗುರುವಾರ ನಾಗರ ಅಮಾವಾಸ್ಯೆ. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಹಾಕಬಾರದು ಅಂತ ಅತ್ತೆ. ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ. ಹಾಗಾಗಿ ಬುಧವಾರ, ಜುಲೈ 23ಕ್ಕೆ, ಅರ್ಧ ದಿನ ರಜೆ ಹಾಕಿ ಹೋದೆ. ಬಂಗಾರ ನೋಡುವವರು ಪಾಟ್ಲಿಯನ್ನು ಒರೆಗಲ್ಲಿಗೆ ಉಜ್ಜಿದರು, ತೂಗಿದರು. ಬೆಲೆಯ ನೂರಕ್ಕೆ 75ರವರೆಗೆ ಕೊಡಬಹುದು ಅಂದರು. ಎರಡೂವರೆ ಲಕ್ಷದೊಳಗಿನ ಸಾಲಕ್ಕೆ ಇದನ್ನು 85ಕ್ಕೆ ಏರಿಸಿ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೇಳಿದೆಯಂತೆ, 2026ರ ಏಪ್ರಿಲ್ ಒಳಗೆ ಎಲ್ಲ ಕಡೆ ಬರುತ್ತದಂತೆ. ನನಗೆ ಬೇಕಿದ್ದದ್ದು ಒಂದೂವರೆ ಲಕ್ಷ ಮಾತ್ರ, ಅಷ್ಟೇ ತೆಗೆದುಕೊಂಡೆ. ವರ್ಷಕ್ಕೆ ಶೇಕಡಾ 9, ತಿಂಗಳಿಗೆ 1,125. ವರ್ಷದ ಕೊನೆಗೆ ಅಸಲು. ಪಾಟ್ಲಿಯನ್ನು ಚೀಲಕ್ಕೆ ಹಾಕಿ ನನ್ನ ಮುಂದೆಯೇ ಸೀಲ್ ಮಾಡಿದರು. ಯಾಕೆ ಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಯಾರಿಗೂ ನನ್ನ ಸೀರೆಯ ಚಿಂತೆ ಇರಲಿಲ್ಲ. ಹೊರಗೆ ಬಂದಾಗ ಕೈ ಹಗುರ ಅನ್ನಿಸಿತು. ನಿಜ ಹೇಳಬೇಕೆಂದರೆ ಎದೆಯೂ ಹಗುರವಾಗಿತ್ತು. ದುಡ್ಡನ್ನು ಅಲ್ಲಿಂದಲೇ ಅಣ್ಣನ ಖಾತೆಗೆ ಹಾಕಿಸಿದೆ.

ಸಂಜೆ ಅಣ್ಣನ ಫೋನ್. ಈ ಸಲ ಮೊದಲ ರಿಂಗಿಗೇ ಎತ್ತಿದೆ.

"ಎಲ್ಲಿಂದ ತಂದಿ?"

"ಚೀಟಿ ಎತ್ತಿದೆ ಅಣ್ಣ."

"ಈಗ ಯಾರು ಕೇಳಿದ್ರು ನಿನಗ?"

ಯಾರೂ ಕೇಳಿರಲಿಲ್ಲ. ಅದಕ್ಕೇ ಕೊಟ್ಟೆ ಅಂತ ಹೇಳಲು ಆಗಲಿಲ್ಲ.

ಬಡ್ಡಿ ಇಲ್ಲದ ಸಾಲ ಬಿಟ್ಟು ಬಡ್ಡಿಯ ಸಾಲ ತಲೆ ಮೇಲೆ ಹಾಕಿಕೊಂಡೆ, ಇದ್ಯಾವ ಜಾಣತನ ಅಂತ ನಮ್ಮವರೂ ಕೇಳಿದರು. ಅವರ ಲೆಕ್ಕ ಸರಿ. ಆದರೆ ತಿಂಗಳಿಗೆ 1,125 ಕೊಟ್ಟು ನಾನು ಈ ಭಾನುವಾರ ಬಸ್ಸು ಹತ್ತಿ ತವರಿಗೆ ಹೋದೆ. ಆಧಾರ್ ತೋರಿಸಿ ಸಿಂಧನೂರಿಗೆ, ಅಲ್ಲಿಂದ ಕಾರಟಗಿಗೆ, ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂತು. ಅವ್ವನ ಒಲೆ ಮುಂದೆ ಕಾಲು ಚಾಚಿ ಕೂತೆ. ಶೇಂಗಾ ಉಂಡಿ ಎರಡು ಜಾಸ್ತಿ ಕೇಳಿ ತಿಂದೆ. ಜೋಕಾಲಿ ಆಡಿದೆ. ಒಂದೂವರೆ ವರ್ಷದಿಂದ ಆ ಮನೆಯಲ್ಲಿ ನಾನು ಹಾಗೆ ಕೂತಿರಲಿಲ್ಲ. ಈ ದುಡ್ಡು ಹೆಚ್ಚಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ಆ ಮಾತು. ಚೊಲೊ ಮಾಡಿದಿ ಬಿಡು.

ಮೊದಲು ಸಿಟ್ಟು ಬಂತು. ಬೋಳು ಕೈ ನೋಡಿ ಚೊಲೊ ಅನ್ನುತ್ತಾರಲ್ಲ, ದುಡ್ಡು ಬಂದದ್ದು ಚೊಲೊ ಆಯಿತು ಅಂತಲೇ ಇರಬೇಕು ಅಂದುಕೊಂಡೆ. ರಾತ್ರಿ ಮಲಗಿದಾಗ ಆ ಕೈ ನೆನಪಾಯಿತು, ಹೆಗಲ ಮೇಲೆ ಊರಿದ್ದು. ಏಳಲು ಆಸರೆಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಅತ್ತಿಗೆಗೂ ಒಂದು ತವರಿದೆ. ಅವರ ತಮ್ಮನಿಂದ ಬೋರ್‌ವೆಲ್‌ಗೆ ಅಂತ ದುಡ್ಡು ತಂದ ಮೇಲೆ ಅವರು ಎರಡು ಪಂಚಮಿ ನಮ್ಮ ಮನೆಯಲ್ಲೇ ಇದ್ದರು. ಆಗ ನಾನು ಚಿಕ್ಕವಳು. ಅತ್ತಿಗೆ ಹಬ್ಬಕ್ಕೆ ನಮ್ಮ ಜೊತೆಗೇ ಇದ್ದಾರೆ ಅಂತ ಖುಷಿಪಟ್ಟಿದ್ದೆ. ಹೆಂಗಸರ ಬಂಗಾರ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ಬಳೆಗಾರನಿಗೆ ತಿಳಿಯದಿದ್ದರೂ ಅವರಿಗೆ ತಿಳಿದಿತ್ತು. ಅಥವಾ ಎರಡೂ ಅರ್ಥ ಇತ್ತೋ ಏನೋ. ಮಗಳ ದುಡ್ಡು ಮನೆಗೆ ಬಂತು ಅನ್ನುವ ಸಮಾಧಾನ ಇದ್ದರೆ ತಪ್ಪೇನು? ಅದು ಇರಲೇಬೇಕು.

ನಿನ್ನೆ ಅಣ್ಣ ಮತ್ತೆ ಫೋನ್ ಮಾಡಿದ. ಚೀಟಿಯ ಮಾತು ಎತ್ತಲಿಲ್ಲ.

"ಯಾವ ಬ್ಯಾಂಕು? ಎಂದು ಬಿಡಿಸ್ಬೇಕು?"

ನಾನು ಏನು ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು. "ಸುಮ್ನಿರ್ರಿ. ಆಕೀನ ಬಿಡಿಸ್ಕೋತಾಳ."

ಮುಂದಿನ ವರ್ಷ ಜುಲೈ 23 ಅಂತ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ಮೊದಲ ಬಡ್ಡಿ ಈ ತಿಂಗಳು, ಆಗಸ್ಟಿಗೆ. 23 ಮತ್ತೆ ನಾಲ್ಕನೇ ಶನಿವಾರ, 22 ಶುಕ್ರವಾರ, ಅತ್ತೆ ಬಿಡುವುದಿಲ್ಲ. ಗುರುವಾರ 21ಕ್ಕೇ ಹೋಗಿ ಕಟ್ಟಿ ಬರುತ್ತೇನೆ.