ಅಕ್ಟೋಬರ್‌ನಲ್ಲೂ ನೀರಿಗಿಳಿಯುವುದೇಕೆ?

ಬಾಸ್ಟನ್ನಿನಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಪರಿಚಿತ ಕನ್ನಡಿಗರೆಲ್ಲ ನನ್ನನ್ನು ಕೇಳುವುದು ಇದನ್ನೇ: ಮರಗಳ ಎಲೆ ಕೆಂಪಾಗಿ, ಜನ ಕೋಟು ತೊಟ್ಟು ಓಡಾಡುವ ಹೊತ್ತಿನಲ್ಲಿ ನೀವು ಪ್ಯಾಡಲ್‌ಬೋರ್ಡ್ (ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ಎಂದೂ ಹಾಯಿದೋಣಿಯ ಪಂದ್ಯವೆಂದೂ ನೀರಿಗಿಳಿಯುತ್ತೀರಲ್ಲ, ಅದು ಅಪಾಯವಲ್ಲವೇ? ಅಪಾಯ ಖಂಡಿತ ಇದೆ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದೇ ಇಳಿಯುತ್ತೇನೆ ಎಂಬುದು ನನ್ನ ಉತ್ತರ.

ಕೇಳುವವರು ಸಾಮಾನ್ಯವಾಗಿ ಗಾಳಿಯ ಚಳಿಯನ್ನು ನೋಡಿ ನೀರನ್ನು ಅಳೆಯುತ್ತಾರೆ. ಆದರೆ ಒಲೆ ಆರಿದ ಮೇಲೂ ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುವಂತೆ, ಬೇಸಿಗೆಯಿಡೀ ಕುಡಿದ ಶಾಖವನ್ನು ಸಮುದ್ರ ನಿಧಾನವಾಗಿ ಬಿಟ್ಟುಕೊಡುತ್ತದೆ. ಬಾಸ್ಟನ್ ಬಂದರಿನ ನೀರು ಅಕ್ಟೋಬರ್ ನಡುವಿನಲ್ಲಿ ಸುಮಾರು 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇ ತಿಂಗಳ ಆರಂಭದಲ್ಲಿ, ಬಿಸಿಲು ಹಿತವಾಗಿ ಜನ ಅರೆತೋಳಿನ ಅಂಗಿ ತೊಟ್ಟು ದಡಕ್ಕೆ ಬರುವಾಗ, ಅದೇ ನೀರು ಸುಮಾರು 10 ಡಿಗ್ರಿಯಷ್ಟೇ. ಮೋಸ ಮಾಡುವುದು ವಸಂತದ ಆ ಬೆಚ್ಚನೆಯ ದಿನ. ಅಕ್ಟೋಬರ್‌ನ ಚಳಿಗಾಳಿ ದೋಣಿ ಹತ್ತುವ ಮೊದಲೇ ಎಚ್ಚರಿಸುತ್ತದೆ, ಅದಕ್ಕೆ ತಕ್ಕ ಉಡುಪನ್ನೂ ತೊಡಿಸುತ್ತದೆ.

ಇನ್ನು ಆಕರ್ಷಣೆಯ ಮಾತು. ಹಾಯಿದೋಣಿ ನಡೆಸುವವರಿಗೆ ಶರತ್ಕಾಲ ಪ್ರಿಯವಾಗುವುದು ಗಾಳಿಯಿಂದಾಗಿ. ಬೇಸಿಗೆಯಲ್ಲಿ ಇಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಯಿ ಜೋತುಬಿದ್ದು, ನೆಲ ಕಾದ ಮೇಲಷ್ಟೇ ಕಡಲ ಗಾಳಿ ಒಳಕ್ಕೆ ಬೀಸುವ ದಿನಗಳು ಹೆಚ್ಚು. ಅಕ್ಟೋಬರ್ ಹೊತ್ತಿಗೆ ಕೆನಡಾದ ಕಡೆಯಿಂದ ತಂಪು ಗಾಳಿಯ ಅಲೆಗಳು ಒಂದರ ಹಿಂದೊಂದು ಇಳಿದುಬರುತ್ತವೆ. ಪ್ರತಿ ಅಲೆಯ ಬೆನ್ನಿಗೆ ವಾಯವ್ಯದಿಂದ ಸ್ವಚ್ಛವಾದ, ಬಲವಾದ ಗಾಳಿ ಏಳುತ್ತದೆ. ಕೆಳಗಿನ ನೀರು ಇನ್ನೂ ಬೆಚ್ಚಗಿರುವುದರಿಂದ ಅದರ ಮೇಲಿನ ಗಾಳಿ ಕದಡಿ, ಎತ್ತರದಲ್ಲಿ ಓಡುವ ವೇಗದ ಗಾಳಿ ಕೆಳಕ್ಕಿಳಿದು ಬಿರುಸಾದ ಬೀಸುಗಳಾಗಿ ನೀರನ್ನು ತಾಕುತ್ತದೆ. ಬಾಸ್ಟನ್ನಿನ ಚಾರ್ಲ್ಸ್ ನದಿಯ ಅಗಲವಾದ ಜಲಾಶಯದಂಥ ಭಾಗದಲ್ಲಿ ಇದನ್ನು ನೋಡಬೇಕು. ಉತ್ತರ ದಡದಲ್ಲಿ ಎಂಐಟಿ ವಿಶ್ವವಿದ್ಯಾಲಯದ ಕಟ್ಟಡಗಳು ನಿಂತಿವೆ. ಅವುಗಳ ಸಂದುಗಳಿಂದ ನುಗ್ಗುವ ಗಾಳಿ ಒಂದು ಕ್ಷಣ ಎಡಕ್ಕೆ, ಮರುಕ್ಷಣ ಬಲಕ್ಕೆ ತಿರುಗುತ್ತದೆ. ನೀರಿನ ಮೇಲೆ ಕಪ್ಪಗೆ ಹರಡಿಕೊಂಡು ಬರುವ ಬೀಸನ್ನು ಮೊದಲೇ ಗುರುತಿಸಿ, ಗಾಳಿ ದೋಣಿಯ ಮೂತಿಯ ಕಡೆಗೆ ವಾಲಿದ ಕೂಡಲೇ ದೋಣಿ ತಿರುಗಿಸಿ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ತಂದವನು ಮುಂದಾಗುತ್ತಾನೆ. ಬರೀ ತೋಳ್ಬಲ ನಂಬಿದವನು ಹಿಂದುಳಿಯುತ್ತಾನೆ. ಎಂಐಟಿಯ ಹಾಯಿದೋಣಿ ಕೇಂದ್ರ (ಸೇಲಿಂಗ್ ಪೆವಿಲಿಯನ್) 1936ರಿಂದಲೂ, ಎದುರು ದಡದ ಕಮ್ಯೂನಿಟಿ ಬೋಟಿಂಗ್ ಸಂಸ್ಥೆ 1946ರಿಂದಲೂ ಇಂಥ ಗಾಳಿಯಲ್ಲೇ ಜನರಿಗೆ ಹಾಯಿ ಕಲಿಸುತ್ತ ಬಂದಿವೆ. ಇಲ್ಲಿ ಕಲಿತವರಿಗೆ ತೆರೆದ ಕಡಲಿನ ಸಮಗಾಳಿ ಸುಲಭವೆನಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಪಂದ್ಯಕ್ಕೆ ವರವಾದ ಈ ವಾಯವ್ಯ ಗಾಳಿಯೇ ಪ್ಯಾಡಲ್‌ಬೋರ್ಡಿನವರ ದೊಡ್ಡ ಶತ್ರು. ಬಾಸ್ಟನ್ನಿನ ಸಮುದ್ರತೀರಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಅದು ನೆಲದಿಂದ ಕಡಲಿನತ್ತ ಬೀಸುತ್ತದೆ. ಮರ, ಮನೆಗಳ ಮರೆಯಲ್ಲಿ ದಡದಂಚಿನ ನೀರು ಕನ್ನಡಿಯಂತೆ ಕಾಣುತ್ತದೆ. ತುಸು ದೂರ ಹೋದ ಮೇಲೆಯೇ ಗಾಳಿಯ ನಿಜವಾದ ಬಲ ತಿಳಿಯುವುದು. ಆಗ ಹಲಗೆಯ ಮೇಲೆ ನೆಟ್ಟಗೆ ನಿಂತ ಮೈಯೇ ಹಾಯಿಯಾಗಿ, ಎಷ್ಟು ಹುಟ್ಟು ಹಾಕಿದರೂ ದಡ ದೂರವಾಗುತ್ತ ಹೋಗುತ್ತದೆ. ಮಂಡಿಯೂರಿ ಕುಳಿತು, ಅಗತ್ಯಬಿದ್ದರೆ ಬೋರಲು ಮಲಗಿ ಗಾಳಿಗೆ ಕಡಿಮೆ ಮೈಯೊಡ್ಡಬೇಕು. ಯಾವ ಕಾರಣಕ್ಕೂ ಹಲಗೆಯನ್ನು ಬಿಟ್ಟು ಈಜಲು ಹೊರಡಬಾರದು. ಆದ್ದರಿಂದಲೇ ವಾಯವ್ಯ ಗಾಳಿ ಎದ್ದ ದಿನ ನಾನು ಪ್ಯಾಡಲ್‌ಬೋರ್ಡ್ ಮುಟ್ಟುವುದಿಲ್ಲ. ತಂಪು ಗಾಳಿಯ ಎರಡು ಅಲೆಗಳ ನಡುವೆ ಗಾಳಿ ಸಂಪೂರ್ಣ ನಿಂತ ಬೆಳಗುಗಳು ಅದಕ್ಕೆ ಮೀಸಲು.

ಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಲೇಬೇಕು. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಕೊರೆಯುವ ನೀರಿಗೆ ಬಿದ್ದವರಿಗಾಗಿ ಹೇಳುವ ಸೂತ್ರ ಸರಳವಾಗಿದೆ: ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲುಗಳು ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಮೊದಲ ಏದುಸಿರಿನಲ್ಲಿ ತಲೆ ನೀರಿನಡಿಯಿದ್ದರೆ ಉಳಿದ ಎರಡು ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಹಾಗಾಗಿ ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರೊಂದಿಗೂ ಚೌಕಾಸಿ ಮಾಡುವುದಿಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನು, ಹುಟ್ಟು ಹಾಕುವ ಸಣ್ಣ ದೋಣಿಗಳಾದ ಕನೂ ಮತ್ತು ಕಯಾಕ್‌ಗಳಲ್ಲಿ ಸೆಪ್ಟೆಂಬರ್ 15ರಿಂದ ಮೇ 15ರವರೆಗೆ ಅದನ್ನು ತೊಟ್ಟೇ ಇರಬೇಕೆನ್ನುತ್ತದೆ. ಪ್ಯಾಡಲ್‌ಬೋರ್ಡಿಗೂ ನಾನು ಅದನ್ನೇ ಅನ್ವಯಿಸಿಕೊಂಡಿದ್ದೇನೆ. ಮೂಲ್ಕಿಯ ಹಿನ್ನೀರಿನಲ್ಲಿ ಹಲಗೆ ಹತ್ತಿ ಕಲಿತುಬಂದ ನಮ್ಮವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಡಿಸೆಂಬರ್‌ನಲ್ಲೂ ಬೆಚ್ಚಗಿರುವ ಅಲ್ಲಿನ ನೀರಿನಲ್ಲಿ ಬೀಳುವುದೊಂದು ಆಟ. ಇಲ್ಲಿ ನೀರಿನ ಚಳಿ ತಡೆಯುವ ವೆಟ್‌ಸೂಟ್ ಇಲ್ಲವೇ ನೀರೇ ಒಳಬಾರದ ಡ್ರೈಸೂಟ್ ಬೇಕು, ಮೈಯನ್ನು ಹಲಗೆಗೆ ಕಟ್ಟಿಡುವ ಹಗ್ಗ, ಅಂದರೆ ಲೀಷ್ ಬೇಕು, ಹೊರಟದ್ದು ತಿಳಿದಿರುವ ಒಬ್ಬರು ದಡದಲ್ಲಿರಬೇಕು.

ನವೆಂಬರ್‌ನಲ್ಲಿ ಪ್ಯಾಡಲ್‌ಬೋರ್ಡನ್ನು ಒಳಗಿಟ್ಟ ಮೇಲೂ ಹಾಯಿದೋಣಿಯ ಪಂದ್ಯ ಮುಂದುವರಿಸುವುದೇಕೆ ಎಂದು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಪಂದ್ಯದಲ್ಲಿ ದೋಣಿ ಮಗುಚಿದರೆ ರಕ್ಷಣಾ ದೋಣಿ ತಕ್ಷಣ ಬಳಿಗೆ ಬರುತ್ತದೆ. ಸುತ್ತಲೂ ಹತ್ತಾರು ಕಣ್ಣುಗಳಿರುತ್ತವೆ. ಗಾಳಿ ಮಿತಿಮೀರಿದರೆ ಪಂದ್ಯವನ್ನೇ ನಿಲ್ಲಿಸುವ ಅಧಿಕಾರಿಗಳಿರುತ್ತಾರೆ. ಇಂಥ ಏರ್ಪಾಡಿನ ಬಲದಿಂದಲೇ ಮಾರ್ಬಲ್‌ಹೆಡ್‌ನಂಥ ಕಡಲೂರುಗಳಲ್ಲಿ ಚಳಿಗಾಲದಲ್ಲೂ ಸಣ್ಣ ದೋಣಿಗಳ ಸ್ಪರ್ಧೆ ನಡೆಯುತ್ತದೆ. ಪ್ಯಾಡಲ್‌ಬೋರ್ಡಿನಲ್ಲಿ ಹೆಚ್ಚಾಗಿ ನಾನೊಬ್ಬನೇ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಇಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ನದಿಯಲ್ಲಿ ಇತರ ದೋಣಿಗಳೂ ಕಡಿಮೆಯಾಗುತ್ತವೆ. ಸ್ನೇಹಿತರು ಜೊತೆಗೆ ಬರುವುದಾದರೆ ಆಮೇಲೂ ಹೋಗುತ್ತೇನೆ. ಒಬ್ಬನೇ ಆದರೆ ಆ ಭಾನುವಾರದ ನಂತರ ಏಪ್ರಿಲ್ ಕಳೆಯುವವರೆಗೂ ಬೋರ್ಡ್ ಹೊರತೆಗೆಯುವುದಿಲ್ಲ.